ಒಂಚಿ ಕೋಶಿರೋ

ಒಂಚಿ ಕೋಶಿರೋ (ಜನನ: ಜುಲೈ ೨, ೧೮೯೧ – ಮರಣ: ಜೂನ್ ೩, ೧೯೫೫) ಜಪಾನಿನ ಮರದಚ್ಚು ಚಿತ್ರಕಲಾವಿದರು, ಗ್ರಂಥವಿನ್ಯಾಸಕಾರರು ಹಾಗೂ ಕವಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನಲ್ಲಿ ಮೂಡಿದ ಸೋಸಾಕು ಹಂಗಾ, ಅಂದರೆ ಸೃಜನಾತ್ಮಕ ಅಚ್ಚುಚಿತ್ರ ಚಳವಳಿಯ ಪ್ರಮುಖರಲ್ಲಿ ಇವರು ಒಬ್ಬರು. ಆ ದೇಶದ ಮೊತ್ತಮೊದಲ ಅಮೂರ್ತ ಕೃತಿಗಳಲ್ಲಿ ಇವರ ಮರದಚ್ಚು ಚಿತ್ರಗಳನ್ನೂ ಎಣಿಸಲಾಗುತ್ತದೆ. ೧೯೩೯ರಲ್ಲಿ ಟೋಕಿಯೋದ ಇವರ ಮನೆಯಲ್ಲಿ ಆರಂಭವಾದ ಇಚಿಮೊಕುಕಾಯ್, ಅಂದರೆ 'ಮೊದಲ ಗುರುವಾರದ ಕೂಟ', ಯುದ್ಧಕಾಲದ ಅಭಾವದ ನಡುವೆಯೂ ಅಚ್ಚುಚಿತ್ರ ಕಲಾವಿದರನ್ನು ಒಟ್ಟಿಗೆ ಇರಿಸಿತು. ಅದರ ಕಿರಿಯ ಸದಸ್ಯರಲ್ಲಿ ಹಲವರು ಯುದ್ಧಾನಂತರ ಅಂತರರಾಷ್ಟ್ರೀಯ ಖ್ಯಾತಿ ಪಡೆದರು.

ಬಾಲ್ಯ ಮತ್ತು ಶಿಕ್ಷಣ

ಒಂಚಿಯವರು ಟೋಕಿಯೋದ ಕುಲೀನ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬಕ್ಕೆ ಅರಮನೆಯೊಂದಿಗೆ ನಿಕಟ ಸಂಬಂಧವಿತ್ತು. ಮೇಜಿ ಚಕ್ರವರ್ತಿಯ ಅಳಿಯನಾಗಲು ಆಯ್ಕೆಯಾದ ರಾಜಕುಮಾರನೊಬ್ಬನಿಗೆ ಇವರ ತಂದೆ ಶಿಕ್ಷಕರಾಗಿದ್ದುದರಿಂದ ಬಾಲಕ ಕೋಶಿರೋಗೂ ಅದೇ ಬಗೆಯ ಸಾಂಪ್ರದಾಯಿಕ ಶಿಕ್ಷಣ ದೊರೆಯಿತು. ಮಗನು ವೈದ್ಯನಾಗಬೇಕೆಂಬುದು ಮನೆಯವರ ಇಚ್ಛೆಯಾಗಿತ್ತು. ಅದಕ್ಕಾಗಿಯೇ ಜರ್ಮನ್ ಭಾಷೆ ಕಲಿಸುವ ಶಾಲೆಗೆ ಸೇರಿಸಿದ್ದರು. ಉನ್ನತ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಬಳಿಕ ಅವರು ಚಿತ್ರಕಲೆಯತ್ತ ಹೊರಳಿದರು.

೧೯೧೦ರಲ್ಲಿ ಟೋಕಿಯೋ ಲಲಿತಕಲಾ ಶಾಲೆಯನ್ನು ಸೇರಿದರೂ ವ್ಯಾಸಂಗವನ್ನು ಪೂರ್ಣಗೊಳಿಸಲಿಲ್ಲ. ಅವರ ಮೇಲೆ ಶಾಲೆಗಿಂತ ಹೆಚ್ಚು ಪ್ರಭಾವ ಬೀರಿದವರು ಆ ಕಾಲದ ಜನಪ್ರಿಯ ಚಿತ್ರಕಾರ ಹಾಗೂ ಕವಿ ತಾಕೆಹಿಸಾ ಯುಮೇಜಿ. ಪುಸ್ತಕದ ಪುಟವೂ ಚಿತ್ರದಷ್ಟೇ ಗಂಭೀರವಾದ ಕಲಾಮಾಧ್ಯಮವಾಗಬಲ್ಲದು ಎಂಬ ನಂಬಿಕೆ ಯುಮೇಜಿಯವರ ಒಡನಾಟದಿಂದ ಬಂದುದು. ೧೯೧೧ರಲ್ಲಿಯೇ ಒಂಚಿಯವರು ಗ್ರಂಥವಿನ್ಯಾಸವನ್ನು ಆರಂಭಿಸಿದರು. ಜೀವನೋಪಾಯಕ್ಕೆ ಕೊನೆಯವರೆಗೂ ಆ ವೃತ್ತಿಯೇ ಆಧಾರವಾಯಿತು. ಅವರು ವಿನ್ಯಾಸಗೊಳಿಸಿದ ಗ್ರಂಥಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ.

ತ್ಸುಕುಹಾಯೆ

೧೯೧೪ರಲ್ಲಿ ಒಂಚಿಯವರು ತನಾಕಾ ಕ್ಯೋಕಿಚಿ ಮತ್ತು ಫುಜಿಮೊರಿ ಶಿಜುವೊ ಎಂಬ ಇಬ್ಬರು ಗೆಳೆಯರೊಂದಿಗೆ 'ತ್ಸುಕುಹಾಯೆ' ಎಂಬ ಕವಿತೆ ಮತ್ತು ಅಚ್ಚುಚಿತ್ರಗಳ ಪತ್ರಿಕೆಯನ್ನು ಹೊರತಂದರು. ಹೆಸರಿಗೆ ಬೆಳದಿಂಗಳ ಹೊಳಪು ಎಂಬರ್ಥವಿದೆ. ಮೊದಲ ಆರು ಸಂಚಿಕೆಗಳನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳಲು ಮೂರೇ ಪ್ರತಿಗಳಂತೆ ತಯಾರಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಿಂದ ರಾಕುಯೋದೋ ಪ್ರಕಾಶನವು ಸಂಚಿಕೆಗೆ ೨೦೦ ಪ್ರತಿಗಳಂತೆ ಸಾರ್ವಜನಿಕ ಆವೃತ್ತಿಯನ್ನು ಪ್ರಕಟಿಸಿತು. ಮಾರಾಟ ನಿರಾಶಾದಾಯಕವಾಗಿತ್ತು. ಏಳು ಸಂಚಿಕೆಗಳ ನಂತರ, ೧೯೧೫ರ ನವೆಂಬರ್‌ನಲ್ಲಿ, ಪತ್ರಿಕೆ ನಿಂತಿತು.

ಮೂವರಲ್ಲಿ ತನಾಕಾ ಕ್ಷಯರೋಗಿಯಾಗಿದ್ದರು. ಪತ್ರಿಕೆ ಮುಗಿಯುವ ಮುನ್ನವೇ, ೧೯೧೫ರ ಅಕ್ಟೋಬರ್‌ನಲ್ಲಿ, ೨೩ನೆಯ ವಯಸ್ಸಿನಲ್ಲಿ ನಿಧನರಾದರು. ಕವಿ ಹಾಗಿವಾರಾ ಸಾಕುತಾರೋ ಅವರ ಮೊದಲ ಕವನಸಂಕಲನ 'ತ್ಸುಕಿ ನಿ ಹೊಯೆರು' (ಚಂದ್ರನಿಗೆ ಊಳಿಡುವುದು) ಕೃತಿಗೆ ಚಿತ್ರ ಬರೆಯುವ ಕಾರ್ಯ ತನಾಕಾ ಅವರ ಪಾಲಿನದಾಗಿತ್ತು. ಗೆಳೆಯನು ಬಿಟ್ಟುಹೋದ ಚಿತ್ರಗಳನ್ನು ಜೋಡಿಸಿ, ತಮ್ಮ ಅಚ್ಚುಚಿತ್ರಗಳನ್ನೂ ಸೇರಿಸಿ ಒಂಚಿಯವರು ಗ್ರಂಥವನ್ನು ಪೂರ್ಣಗೊಳಿಸಿದರು. ೧೯೧೭ರಲ್ಲಿ ಪ್ರಕಟವಾದ ಈ ಸಂಕಲನ ಆಧುನಿಕ ಜಪಾನೀ ಕಾವ್ಯದ ಮೈಲಿಗಲ್ಲು. ಹಾಗಿವಾರಾ ಅವರೊಂದಿಗಿನ ಸ್ನೇಹ ಕವಿಯ ಮರಣದವರೆಗೂ ಉಳಿಯಿತು.

೧೯೧೪ರ ಮಾರ್ಚ್‌ನಲ್ಲಿ ಟೋಕಿಯೋದ ಹಿಬಿಯಾದಲ್ಲಿ ಜರ್ಮನಿಯ 'ಡೆರ್ ಸ್ಟುರ್ಮ್' ಬಳಗದ ಮರದಚ್ಚು ಚಿತ್ರಗಳ ಪ್ರದರ್ಶನ ನಡೆದಿತ್ತು. ಮುಂಕ್ ಮತ್ತು ಕಾಂಡಿನ್ಸ್ಕಿ ಅವರ ಕಲೆಯ ಪರಿಚಯವೂ ಆ ವರ್ಷಗಳಲ್ಲಿ ಯುವ ಕಲಾವಿದರಿಗೆ ಆಗತೊಡಗಿತ್ತು. ೧೯೧೫ರ 'ಅಕಾರುಯಿ ತೋಕಿ' (ಬೆಳಕಿನ ವೇಳೆ) ಎಂಬ ಒಂಚಿಯವರ ಚಿತ್ರದಲ್ಲಿ ಗುರುತಿಸಬಹುದಾದ ವಸ್ತುವಿಲ್ಲ. ಇದನ್ನು ಜಪಾನಿನ ಅಮೂರ್ತ ಕಲೆಯ ಆರಂಭಬಿಂದುಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. 'ಜೊಜೊ', ಅಂದರೆ ಭಾವಗೀತ, ಎಂಬ ಹೆಸರಿನಲ್ಲಿ ಅಂತಹ ಚಿತ್ರಗಳನ್ನು ರಚಿಸಲು ತೊಡಗಿದಾಗ ಅವರಿಗಿನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ.

ಸೃಜನಾತ್ಮಕ ಅಚ್ಚುಚಿತ್ರ ಚಳವಳಿ

ಹಿಂದಿನ ಉಕಿಯೊ-ಎ ಪರಂಪರೆಯಲ್ಲಿ ಒಂದು ಮರದಚ್ಚು ಚಿತ್ರವು ಹಲವರ ಶ್ರಮದ ಫಲವಾಗಿತ್ತು. ಪ್ರಕಾಶಕನು ಬಂಡವಾಳ ಹೂಡುತ್ತಿದ್ದನು, ಚಿತ್ರಕಾರನು ರೇಖಾಚಿತ್ರ ಬರೆದು ಕೊಡುತ್ತಿದ್ದನು, ಕೆತ್ತನೆಗಾರನು ಅದನ್ನು ಕಾಡುಚೆರ್ರಿ ಮರದ ಹಲಗೆಗೆ ಇಳಿಸುತ್ತಿದ್ದನು, ಮುದ್ರಕನು ಬಣ್ಣ ಹಚ್ಚಿ ಅಚ್ಚೊತ್ತುತ್ತಿದ್ದನು. ೧೯೦೪ರಲ್ಲಿ ಯಾಮಾಮೊತೊ ಕಾನಾಯೆ ಅವರು ತಾವೇ ಬರೆದು, ಕೆತ್ತಿ, ಮುದ್ರಿಸಿದ 'ಮೀನುಗಾರ' ಎಂಬ ಚಿತ್ರದಿಂದ ಈ ವಿಭಜನೆಗೆ ವಿರುದ್ಧವಾದ ಚಳವಳಿ ಆರಂಭವಾಯಿತು. ಮೂರೂ ಕೆಲಸಗಳು ಒಬ್ಬನದೇ ಕೈಯಿಂದ ಆಗಬೇಕೆಂಬುದು ಇದರ ಮೂಲತತ್ತ್ವ. ೧೯೧೮ರಲ್ಲಿ ಜಪಾನ್ ಸೃಜನಾತ್ಮಕ ಅಚ್ಚುಚಿತ್ರ ಸಂಘ ಸ್ಥಾಪನೆಯಾಯಿತು. ಮರುವರ್ಷದ ಮೊದಲ ಪ್ರದರ್ಶನದಲ್ಲಿ ಒಂಚಿಯವರ ಕೃತಿಗಳಿದ್ದವು.

ತತ್ತ್ವವು ಸರಳವಾಗಿದ್ದರೂ ಆಚರಣೆ ಕಠಿಣವಾಗಿತ್ತು. ಜಪಾನೀ ಮುದ್ರಣಕ್ಕೆ ಯಂತ್ರ ಬೇಕಿಲ್ಲ. ನೀರಿನಲ್ಲಿ ಕಲಸಿದ ಬಣ್ಣವನ್ನು ಅಕ್ಕಿಯ ಅಂಟಿನೊಂದಿಗೆ ಕುಂಚದಿಂದ ಹಲಗೆಗೆ ಹಚ್ಚಿ, ಮೇಲೆ ತೇವಗೊಳಿಸಿದ ಕೈಕಾಗದವನ್ನು ಹರಡಿ, ಬಿದಿರಿನ ಹಾಳೆಯಿಂದ ಸುತ್ತಿದ ಬಾರೆನ್ ಎಂಬ ದುಂಡನೆಯ ಸಾಧನದಿಂದ ಹಿಂಬದಿಯನ್ನು ಉಜ್ಜಬೇಕು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲು ಹಲಗೆಯ ಅಂಚಿನಲ್ಲಿ ಕೆಂತೊ ಎಂಬ ಗುರುತುಗಳನ್ನು ಕೆತ್ತಿರುತ್ತಾರೆ. ಕಾಗದದ ತೇವ, ಅಂಟಿನ ಹದ, ಕೈಯ ಒತ್ತಡ, ಇವುಗಳಲ್ಲಿ ಯಾವುದು ತಪ್ಪಿದರೂ ಪ್ರತಿ ಕೆಡುತ್ತದೆ. ಈ ವಿದ್ಯೆಯು ಕುಶಲಕರ್ಮಿಗಳ ಕಾರ್ಯಾಗಾರಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಸಾಗುತ್ತಿತ್ತು. ಆ ಕಾರ್ಯಾಗಾರಗಳ ಹೊರಗೆ ನಿಂತ ಚಿತ್ರಕಾರರಿಗೆ ಅದನ್ನು ಕಲಿಸುವವರು ವಿರಳ. ಟೋಕಿಯೋ ಲಲಿತಕಲಾ ಶಾಲೆಯಲ್ಲಿ ಹಿರಾತ್ಸುಕಾ ಉನ್‌ಇಚಿ ಅವರ ಮರದಚ್ಚು ತರಗತಿ ಆರಂಭವಾದುದು ೧೯೩೫ರಲ್ಲಿ, ಅದೂ ಪಠ್ಯೇತರವಾಗಿ.

೧೯೨೩ರ ಭೂಕಂಪದ ನಂತರ ಮರುನಿರ್ಮಾಣಗೊಂಡ ನಗರವನ್ನು ಚಿತ್ರಿಸಲು ಎಂಟು ಕಲಾವಿದರು ಸೇರಿ ೧೯೨೯ರಿಂದ ೧೯೩೨ರವರೆಗೆ 'ನವ ಟೋಕಿಯೋದ ನೂರು ನೋಟಗಳು' ಎಂಬ ಮಾಲೆಯನ್ನು ರಚಿಸಿದರು. ಒಂಚಿಯವರಲ್ಲದೆ ಹಿರಾತ್ಸುಕಾ, ಫುಜಿಮೊರಿ, ಮಾಯೆಕಾವಾ ಸೆಂಪಾನ್ ಮೊದಲಾದವರು ಇದರಲ್ಲಿದ್ದರು. ೧೯೩೧ರಲ್ಲಿ ಹಳೆಯ ಸಂಘವು ವಿಸ್ತಾರಗೊಂಡು ಜಪಾನ್ ಅಚ್ಚುಚಿತ್ರ ಸಂಘವಾಯಿತು. ವಿಮಾನಯಾನದ ಅನುಭವವನ್ನು ಅಕ್ಷರವಿನ್ಯಾಸ, ಛಾಯಾಚಿತ್ರ ಮತ್ತು ಅಚ್ಚುಚಿತ್ರಗಳಲ್ಲಿ ಹೆಣೆದ 'ಹಿಕೋ ಕಾನ್ನೋ' (೧೯೩೪) ಒಂಚಿಯವರ ಗ್ರಂಥಗಳಲ್ಲಿ ಅತ್ಯಂತ ಸಾಹಸದ್ದು.

ಮೊದಲ ಗುರುವಾರದ ಕೂಟ

೧೯೩೯ರಲ್ಲಿ ಟೋಕಿಯೋದ ಪಶ್ಚಿಮ ಭಾಗದ ಒಗಿಕುಬೊದಲ್ಲಿದ್ದ ಒಂಚಿಯವರ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಗುರುವಾರ ಅಚ್ಚುಚಿತ್ರ ಕಲಾವಿದರು ಸೇರತೊಡಗಿದರು. ಕೂಟಕ್ಕೆ ಆ ದಿನದ ಹೆಸರೇ ನಿಂತಿತು. ಆರಂಭದ ಸದಸ್ಯರಲ್ಲಿ ಯಾಮಾಗುಚಿ ಗೆನ್ ಮತ್ತು ಅದೇ ವರ್ಷ ಆವೊಮೊರಿಯಿಂದ ರಾಜಧಾನಿಗೆ ಬಂದಿದ್ದ ಸೆಕಿನೋ ಜುನ್‌ಇಚಿರೋ ಮುಖ್ಯರು. ಬಂದವರು ತಾವು ಮಾಡಿದ ಚಿತ್ರಗಳನ್ನು ಎಲ್ಲರ ಮುಂದಿಟ್ಟು ಚರ್ಚಿಸುತ್ತಿದ್ದರು. ಕೆತ್ತನೆ, ಬಣ್ಣ, ಕಾಗದಗಳ ಕುರಿತ ಅನುಭವ ಕೈಯಿಂದ ಕೈಗೆ ಸಾಗುತ್ತಿತ್ತು.

ಕೂಟದ ಸ್ವರೂಪವನ್ನು ಅರಿಯಲು ಅದರ ಸುತ್ತಲಿದ್ದವರ ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಸೆಕಿನೋ ಭಾವಚಿತ್ರಗಳಿಗೆ ಪ್ರಸಿದ್ಧರಾದರು. ಸೈತೋ ಕಿಯೋಶಿ ಮರದ ಎಳೆಗಳನ್ನೇ ಚಿತ್ರದ ಅಂಗವಾಗಿಸಿಕೊಂಡು ಐಜು ಪ್ರಾಂತ್ಯದ ಹಿಮಗಾಲವನ್ನು ಚಿತ್ರಿಸಿದರು. ಸರ್ಕಾರಿ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಅಜೆಚಿ ಉಮೆತಾರೋ ಪರ್ವತಗಳನ್ನೂ ಪರ್ವತಾರೋಹಿಗಳನ್ನೂ ಆರಿಸಿಕೊಂಡರು. ಒಂಚಿಯವರಿಗಿಂತ ಹಿರಿಯರಾದ ಮಾಯೆಕಾವಾ ಬಿಸಿನೀರಿನ ಬುಗ್ಗೆಗಳ ಊರುಗಳನ್ನು ಹಾಸ್ಯದ ಲೇಪದೊಡನೆ ಬಿಡಿಸಿದರು. ಇವರಲ್ಲಿ ಯಾರೂ ಒಂಚಿಯವರ ಶೈಲಿಯನ್ನು ಅನುಕರಿಸಿದವರಲ್ಲ. ಹಳೆಯ ಕಾರ್ಯಾಗಾರದಲ್ಲಿ ಶಿಷ್ಯನು ಗುರುವಿನ ಕೈಯನ್ನೇ ಕಲಿಯಬೇಕಿತ್ತು. ಒಗಿಕುಬೊದಲ್ಲಿ ಅಂತಹ ಕಟ್ಟುಪಾಡಿರಲಿಲ್ಲ. ಪ್ರಾಕೃತಿಕ ವಸ್ತುಗಳಿಂದ ಅಮೂರ್ತ ಚಿತ್ರಗಳನ್ನು ಮುದ್ರಿಸಿದ ಯಾಮಾಗುಚಿ ಮಾತ್ರ ಅವರಿಗೆ ತೀರ ಸಮೀಪದ ಹಾದಿಯಲ್ಲಿ ನಡೆದರೆನ್ನಬಹುದು.

ಯುದ್ಧಕಾಲದ ಒಂಚಿಯವರ ಪಾತ್ರ ಅಷ್ಟು ಸರಳವಲ್ಲ. ೧೯೩೯ರಲ್ಲಿ ಅವರು ಸೈನ್ಯದ ಪರವಾಗಿ ಕಲಾವಿದರಾಗಿ ಚೀನಾಕ್ಕೆ ತೆರಳಿದ್ದರು. ೧೯೪೩ರಲ್ಲಿ ಅಚ್ಚುಚಿತ್ರ ಕಲಾವಿದರನ್ನು ಯುದ್ಧಕಾಲದ ಆಡಳಿತಕ್ಕೆ ಒಳಪಡಿಸಿದ ನಿಹೊನ್ ಹಂಗಾ ಹೋಕೋಕಾಯ್ ಎಂಬ ಸೇವಾ ಸಂಘಟನೆಯ ನೇತೃತ್ವವನ್ನೂ ವಹಿಸಿದರು. ಕಾಗದ ಮತ್ತು ಬಣ್ಣಗಳು ನಿಯಂತ್ರಣಕ್ಕೆ ಒಳಪಟ್ಟಿದ್ದ ಆ ದಿನಗಳಲ್ಲಿ ಇಂತಹ ಸಂಘಟನೆಯ ಹೊರಗಿದ್ದವನಿಗೆ ಕೆಲಸದ ಸಾಮಗ್ರಿ ದೊರಕುವುದು ದುಸ್ತರವಾಗಿತ್ತು. ಆಡಳಿತದೊಡನೆ ಅವರು ಸಹಕರಿಸಿದುದೂ ನಿಜ, ಆ ಸಹಕಾರದ ನೆರಳಿನಲ್ಲಿ ಕೂಟವು ಉಳಿದುದೂ ನಿಜ.

ಕೂಟದ ಮೊದಲ ಚಿತ್ರಸಂಪುಟ 'ಇಚಿಮೊಕುಶೂ' ೧೯೪೪ರಲ್ಲಿ, ಅಭಾವವು ತೀವ್ರವಾಗಿದ್ದ ಕಾಲದಲ್ಲಿಯೇ ಹೊರಬಂದಿತು. ಸದಸ್ಯರು ತಮ್ಮತಮ್ಮ ಅಚ್ಚುಚಿತ್ರಗಳನ್ನು ನೀಡಿ, ಅವೆಲ್ಲವನ್ನೂ ಕಟ್ಟಾಗಿ ಸೇರಿಸಿ ಹಂಚಿಕೊಳ್ಳುವುದು ಇದರ ಕ್ರಮ. ೧೯೫೦ರವರೆಗೆ ಒಟ್ಟು ಆರು ಸಂಪುಟಗಳು ಬಂದವು. ಮೂರು ಪ್ರತಿಗಳ ತ್ಸುಕುಹಾಯೆಯ ಪದ್ಧತಿಯೇ ಮೂರು ದಶಕಗಳ ಬಳಿಕ ಹಿಗ್ಗಿದ ರೂಪದಲ್ಲಿ ಮರಳಿತ್ತು.

೧೯೪೨ರಲ್ಲಿ ಹಾಗಿವಾರಾ ನಿಧನರಾದರು. ಮರುವರ್ಷ ಒಂಚಿಯವರು ರಚಿಸಿದ ಕವಿಯ ಭಾವಚಿತ್ರವು ಅವರ ಕೃತಿಗಳಲ್ಲೆಲ್ಲ ಹೆಚ್ಚು ಪರಿಚಿತವಾದುದು. ಅದರ ಶೀರ್ಷಿಕೆಯಲ್ಲಿ ಕವಿಯ ಹೆಸರಿಲ್ಲ. 'ಹ್ಯೋತೋ', ಅಂದರೆ ಹಿಮದ್ವೀಪ, ಎಂಬ ಸಂಕಲನದ ಕರ್ತೃ ಎಂದಷ್ಟೇ ಇದೆ. ಸುಕ್ಕುಗಟ್ಟಿದ, ದಣಿದ ಆ ಮುಖದಲ್ಲಿ ಅಮೂರ್ತ ಕಲಾವಿದನ ಬೇರೊಂದು ಸಾಮರ್ಥ್ಯ ಕಾಣುತ್ತದೆ.

ಯುದ್ಧಾನಂತರ

ಜಪಾನ್ ಶರಣಾದ ವರ್ಷದ ಕೊನೆಯಲ್ಲಿಯೇ ಒಂಚಿ ಹಾಗೂ ಸಂಗಡಿಗರ ಹದಿನೈದು ಚಿತ್ರಗಳ 'ಟೋಕಿಯೋ ಕಾಯ್ಕೊ ಜುಯೆ' (ಟೋಕಿಯೋದ ನೆನಪಿನ ಚಿತ್ರಗಳು) ಪ್ರಕಟವಾಯಿತು. ನಗರದ ಬಹುಭಾಗ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿತ್ತು. ಮರುನಿರ್ಮಾಣದ ಸಂಭ್ರಮದಲ್ಲಿ ಹಿಂದೆ ಚಿತ್ರಿಸಿದ್ದ ಕೆಲವು ನೋಟಗಳೇ ಇಲ್ಲಿ ಕಳೆದುಹೋದ ಊರಿನ ಸ್ಮರಣೆಯಾಗಿ ಮತ್ತೆ ಬಂದವು.

ಆಕ್ರಮಿತ ಜಪಾನಿಗೆ ಬಂದ ಅಮೆರಿಕನ್ನರಲ್ಲಿ ವಿಲಿಯಂ ಹಾರ್ಟ್‌ನೆಟ್, ಅರ್ನ್ಸ್ಟ್ ಹ್ಯಾಕರ್, ಆಲಿವರ್ ಸ್ಟ್ಯಾಟ್ಲರ್ ಮೊದಲಾದವರು ಕೂಟದ ಸಂಪರ್ಕಕ್ಕೆ ಬಂದರು. ಮೊನ್ನೆಯವರೆಗೆ ಶತ್ರುಗಳಾಗಿದ್ದವರು ಅಚ್ಚುಚಿತ್ರಗಳ ಮೊದಲ ದೊಡ್ಡ ಗ್ರಾಹಕರಾದರು. ಸ್ವದೇಶದಲ್ಲಿ ತೈಲಚಿತ್ರದ ಮುಂದೆ ಕೀಳೆಂದು ಕಾಣಲಾಗುತ್ತಿದ್ದ ಈ ಕಲೆಗೆ ಮಾರುಕಟ್ಟೆ ದೊರೆತುದು ಹೀಗೆ. ೧೯೫೧ರ ಸಾವೊ ಪಾಲೊ ದ್ವೈವಾರ್ಷಿಕ ಪ್ರದರ್ಶನದಲ್ಲಿ ಸೈತೋ ಹಾಗೂ ತಾಮ್ರಪಟ ಕಲಾವಿದ ಕೋಮಾಯ್ ತೆತ್ಸುರೋ ಬಹುಮಾನ ಪಡೆದಾಗ ಜಪಾನಿನ ಕಲಾಲೋಕವೂ ಇತ್ತ ತಿರುಗಿ ನೋಡಿತು.

ಒಂಚಿಯವರು ಈ ಅವಧಿಯಲ್ಲಿ ಬಹುತೇಕ ಅಮೂರ್ತ ರಚನೆಗಳಿಗೆ ಮರಳಿದರು. ಮರದ ಹಲಗೆಯ ಜೊತೆಗೆ ಕಾಗದದ ತುಂಡು, ದಾರ, ಬಟ್ಟೆ, ಎಲೆ ಮುಂತಾದವುಗಳಿಗೂ ನೇರವಾಗಿ ಬಣ್ಣ ಹಚ್ಚಿ ಮುದ್ರಿಸಿದರು. ಪಿಟೀಲು ವಾದಕಿ ಸುವಾ ನೆಜಿಕೊ ಅವರನ್ನು ಕುರಿತ ೧೯೪೭ರ ಚಿತ್ರ ಈ ವರ್ಷಗಳ ಆಕೃತಿಪ್ರಧಾನ ಕೃತಿಗಳಲ್ಲಿ ಗಮನಾರ್ಹ. ೧೯೫೨ರಲ್ಲಿ ಗ್ರಂಥಕಲೆಯ ಬಗೆಗೂ ೧೯೫೩ರಲ್ಲಿ ಆಧುನಿಕ ಜಪಾನೀ ಅಚ್ಚುಚಿತ್ರಗಳ ಬಗೆಗೂ ಪುಸ್ತಕಗಳನ್ನು ಪ್ರಕಟಿಸಿದರು. ೧೯೫೫ರ ಜೂನ್ ೩ರಂದು, ೬೩ನೆಯ ವಯಸ್ಸಿನಲ್ಲಿ, ಟೋಕಿಯೋದಲ್ಲಿ ನಿಧನರಾದರು. ಸ್ಟ್ಯಾಟ್ಲರ್ ಅವರು ೨೯ ಕಲಾವಿದರನ್ನು ಪರಿಚಯಿಸಿ ಬರೆದ, ಸೃಜನಾತ್ಮಕ ಅಚ್ಚುಚಿತ್ರಗಳನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ ಗ್ರಂಥ ಮರುವರ್ಷ ಹೊರಬಂದಿತು.

ಕೃತಿಗಳ ಪ್ರತಿಗಳು

ಒಂಚಿಯವರ ಅಚ್ಚುಚಿತ್ರಗಳು ವಿರಳ. ಕಾಗದ ಅಥವಾ ಎಲೆಯಿಂದ ಮಾಡಿದ ಅಚ್ಚು ತೇವದ ಬಣ್ಣಕ್ಕೂ ಬಾರೆನ್ನಿನ ಒತ್ತಡಕ್ಕೂ ಬೇಗ ಸವೆಯುವುದರಿಂದ ಕೆಲವೇ ಪ್ರತಿಗಳು ಸಾಧ್ಯ. ಅದಕ್ಕಿಂತ ಮುಖ್ಯವಾಗಿ, ಒಂದೇ ಚಿತ್ರವನ್ನು ಮತ್ತೆಮತ್ತೆ ಒತ್ತುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಹಾಗಿವಾರಾ ಭಾವಚಿತ್ರಕ್ಕೆ ಬೇಡಿಕೆ ಹೆಚ್ಚಿದಾಗ, ೧೯೪೯ರಲ್ಲಿ, ಅವರ ಹಲಗೆಗಳಿಂದ ಹೊಸ ಪ್ರತಿಗಳನ್ನು ಮುದ್ರಿಸಿದವರು ಸೆಕಿನೋ. ಒಂಚಿಯವರ ಮರಣದ ಬಳಿಕ ಹಿರಾಯ್ ಕೋಯಿಚಿ ಎಂಬ ಮುದ್ರಕರು ಮತ್ತೆ ಕೆಲವು ಕೃತಿಗಳನ್ನು ಅಚ್ಚೊತ್ತಿದರು. ತಾನೇ ಮುದ್ರಿಸಬೇಕೆಂಬ ತತ್ತ್ವದ ಮುಂದಾಳುವಿನ ಅತ್ಯಂತ ಪ್ರಸಿದ್ಧ ಚಿತ್ರ ಹೀಗೆ ಬೇರೆಯವರ ಕೈಯಿಂದಲೂ ಹೊರಬಂದಿದೆ. ಆದ್ದರಿಂದ ಒಂದು ಪ್ರತಿಯನ್ನು ಮುದ್ರಿಸಿದವರು ಯಾರು ಎಂಬುದು ಸಂಗ್ರಾಹಕರಿಗೆ ಮುಖ್ಯವಾಗುತ್ತದೆ.

ಯುದ್ಧಾನಂತರದ ಅಮೂರ್ತ ಚಿತ್ರಗಳಲ್ಲಿ ಅನೇಕವು ಅಮೆರಿಕನ್ ಸಂಗ್ರಾಹಕರ ಮೂಲಕ ದೇಶದ ಹೊರಗೆ ಹೋದವು. ಷಿಕಾಗೋ, ಬಾಸ್ಟನ್, ಹೊನೊಲುಲು ನಗರಗಳ ಕಲಾಸಂಗ್ರಹಾಲಯಗಳಲ್ಲಿಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಅವರ ಕೃತಿಗಳಿವೆ. ೨೦೧೬ರಲ್ಲಿ ಟೋಕಿಯೋದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ಏರ್ಪಡಿಸಿದ ಬೃಹತ್ ಪ್ರದರ್ಶನಕ್ಕೆ ಇಂತಹ ಹಲವು ಚಿತ್ರಗಳನ್ನು ವಿದೇಶಗಳಿಂದ ತರಿಸಿಕೊಳ್ಳಬೇಕಾಯಿತು.