ಪಾಲ್ ರೋಬ್ಸನ್

ದೇಹಬಲವೂ ಕಂಠಶ್ರೀಯೂ ಒಬ್ಬನಲ್ಲಿಯೇ ಕೂಡಿಬರುವುದು ಅಪರೂಪ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪ್ರಿನ್ಸ್‌ಟನ್ನಿನಲ್ಲಿ 1898ರ ಏಪ್ರಿಲ್ 9ರಂದು ಜನಿಸಿದ ಪಾಲ್ ರೋಬ್ಸನ್ ಅಂತಹ ಅಪರೂಪದ ವ್ಯಕ್ತಿ. ಅವನ ತಂದೆ ಹುಟ್ಟಿನಿಂದ ಗುಲಾಮ. ಹದಿಹರೆಯದಲ್ಲಿ ಒಡೆಯನಿಂದ ತಪ್ಪಿಸಿಕೊಂಡು, ಕಷ್ಟಪಟ್ಟು ಓದಿ, ಕ್ರೈಸ್ತ ಧರ್ಮೋಪದೇಶಕನಾದವನು. ತಾಯಿ ಬೆಂಕಿಯ ಅವಘಡದಲ್ಲಿ ತೀರಿಕೊಂಡಾಗ ಪಾಲನು ಇನ್ನೂ ಎಳೆಯ ಬಾಲಕ.

1915ರಲ್ಲಿ ಅವನು ವಿದ್ಯಾರ್ಥಿವೇತನ ಪಡೆದು ರಟ್‌ಗರ್ಸ್ ಕಾಲೇಜನ್ನು ಸೇರಿದನು. ಆಗ ಅಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿ ಅವನೊಬ್ಬನೇ. ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು, ಅಡ್ಡಬಂದವರನ್ನು ಮೈಯಿಂದ ನೂಕಿ ಮುನ್ನುಗ್ಗುವ ಒರಟು ಆಟ. ಮೊದಲ ದಿನದ ಅಭ್ಯಾಸದಲ್ಲಿಯೇ ಬಿಳಿಯ ಆಟಗಾರರು ಅವನ ಮೂಗನ್ನು ಮುರಿದರು. ಮುಂದೊಮ್ಮೆ ಬೂಟುಗಾಲಿನಿಂದ ಕೈಯನ್ನು ತುಳಿದು ಉಗುರುಗಳನ್ನು ಕಿತ್ತರು. ಆಟವನ್ನೇ ಬಿಟ್ಟುಬಿಡಬೇಕೆಂದು ಅವನಿಗೆ ತೋರಿದ್ದುಂಟು. ಆದರೆ ತಾನು ಮೈದಾನದಲ್ಲಿ ನಿಂತಿರುವುದು ತನ್ನೊಬ್ಬನಿಗಾಗಿ ಅಲ್ಲವೆಂಬ ತಂದೆಯ ಬೋಧೆ ಅವನನ್ನು ತಡೆಯಿತು. 1917 ಮತ್ತು 1918ರಲ್ಲಿ ಅವನು ಇಡೀ ರಾಷ್ಟ್ರದ ಶ್ರೇಷ್ಠ ಕಾಲೇಜು ಆಟಗಾರರ ಸಾಲಿಗೆ ಸೇರಿದನು.

ಅನಂತರ ಅವನು ಕೊಲಂಬಿಯಾದಲ್ಲಿ ಕಾನೂನು ಓದತೊಡಗಿದನು. ಆ ವೆಚ್ಚಕ್ಕಾಗಿ 1921ರಲ್ಲಿ ಆಕ್ರನ್ ತಂಡಕ್ಕೂ 1922ರಲ್ಲಿ ಮಿಲ್‌ವಾಕಿ ತಂಡಕ್ಕೂ ಹಣ ಪಡೆದು ಆಡಿದನು. ಪದವಿಯೇನೋ ದೊರೆಯಿತು, ಆದರೆ ಕಚೇರಿಯಲ್ಲಿ ಬಿಳಿಯ ಗುಮಾಸ್ತೆಯೊಬ್ಬಳು ಅವನು ಹೇಳಿದ್ದನ್ನು ಬರೆದುಕೊಳ್ಳಲು ಒಪ್ಪಲಿಲ್ಲ. ರೋಬ್ಸನ್ ವಕೀಲಿಯನ್ನು ತೊರೆದನು.

ನ್ಯಾಯಾಲಯ ಕಳೆದುಕೊಂಡುದನ್ನು ಸಂಗೀತ ಪಡೆಯಿತು. 1925ರಲ್ಲಿ ನ್ಯೂಯಾರ್ಕಿನಲ್ಲಿ, ಲಾರೆನ್ಸ್ ಬ್ರೌನನ ಪಿಯಾನೋ ಜೊತೆಗೆ, ಕೇವಲ ತನ್ನ ಜನರ ಹಾಡುಗಳ ಕಛೇರಿಯನ್ನು ಅವನು ನಡೆಸಿದನು. ಗುಲಾಮರು ದುಡಿಮೆಯ ನಡುವೆ ಕಟ್ಟಿಕೊಂಡ ಭಕ್ತಿಗೀತೆಗಳು ಅವನ ಮಂದ್ರ, ಗಂಭೀರ ಕಂಠದಲ್ಲಿ ಮೊಳಗಿದವು. 1928ರಲ್ಲಿ ಲಂಡನ್ನಿನ ಸಂಗೀತನಾಟಕವೊಂದರಲ್ಲಿ ಅವನು ಹಾಡಿದ ಮಿಸಿಸಿಪಿ ನದಿಯ ಹಾಡು ಲೋಕಪ್ರಸಿದ್ಧವಾಯಿತು. ಅದು ಬದುಕಿ ಬಳಲಿದವನ ಹಾಡು. ರೋಬ್ಸನ್ ಮುಂದೆ ಅದರ ಮಾತುಗಳನ್ನು ಬದಲಿಸಿ ಹೋರಾಡುವವನ ಹಾಡಾಗಿಸಿದನು. ಅದರಿಂದ ಪ್ರೇರಿತನಾಗಿಯೇ ಅಸ್ಸಾಮಿನ ಭೂಪೇನ್ ಹಜಾರಿಕಾ ಬ್ರಹ್ಮಪುತ್ರೆಯನ್ನು ಕುರಿತು ಹಾಡು ಕಟ್ಟಿದನು.

ವರ್ಣಭೇದವನ್ನು ನಿರ್ಭಯವಾಗಿ ಖಂಡಿಸುತ್ತಿದ್ದ, ಸೋವಿಯತ್ ರಷ್ಯಾದ ಮೇಲೆ ಅಭಿಮಾನವಿಟ್ಟಿದ್ದ ಅವನನ್ನು ಸರ್ಕಾರ ಸಹಿಸಲಿಲ್ಲ. ಸ್ಟಾಲಿನ್ನನ ಕ್ರೌರ್ಯವನ್ನು ಅವನು ಬಹಿರಂಗವಾಗಿ ಖಂಡಿಸದೆ ಹೋದುದು ಕೊರತೆಯೇ ಸರಿ. ಆದರೆ ಅದಕ್ಕೆ ಹಾಡುಗಾರನ ಬಾಯಿ ಕಟ್ಟುವುದು ಉತ್ತರವಾಗಲಾರದು. 1950ರಲ್ಲಿ ಅವನ ಪಾಸ್‌ಪೋರ್ಟ್ ರದ್ದಾಯಿತು. ಸ್ವದೇಶದ ಸಭಾಭವನಗಳೂ ಬಾಗಿಲು ಮುಚ್ಚಿದವು. 1952ರಲ್ಲಿ ಕೆನಡಾಕ್ಕೆ ಹೋಗಗೊಡದಿದ್ದಾಗ ಅವನು ಗಡಿಯ ಅಂಚಿನಲ್ಲಿ ಲಾರಿಯೊಂದರ ಮೇಲೆ ನಿಂತು ಹಾಡಿದನು. ಗಡಿಯ ಎರಡು ಕಡೆಯೂ ಸಾವಿರಾರು ಜನ ನಿಂತು ಕೇಳಿದರು. 1957ರಲ್ಲಿ ವೇಲ್ಸ್ ನಾಡಿನ ಗಣಿ ಕಾರ್ಮಿಕರಿಗಾಗಿ ನ್ಯೂಯಾರ್ಕಿನಿಂದ ದೂರವಾಣಿಯಲ್ಲಿ ಹಾಡಿದನು. ಕಡಲಿನಡಿಯ ತಂತಿಯಲ್ಲಿ ಸಾಗಿದ ಆ ಧ್ವನಿಗೆ ಅಲ್ಲಿಯ ಕಾರ್ಮಿಕರು ಮೇಳಗಟ್ಟಿ ಹಾಡಿಯೇ ಮರುನುಡಿದರು.

1958ರಲ್ಲಿ ಪಾಸ್‌ಪೋರ್ಟ್ ಮರಳಿ ಬಂದಿತು. ಅಷ್ಟರಲ್ಲಿ ಅವನಿಗೆ ಅರವತ್ತು ತುಂಬಿತ್ತು. ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು, 1976ರ ಜನವರಿ 23ರಂದು ಫಿಲಡೆಲ್ಫಿಯಾದಲ್ಲಿ ನಿಧನನಾದನು. ಕಾಲೇಜು ಫುಟ್‌ಬಾಲಿನ ಗೌರವಶಾಲೆ ಅವನ ಹೆಸರನ್ನು ಸೇರಿಸಿಕೊಂಡದ್ದು 1995ರಲ್ಲಿ.