ಊಟದ ದುಡ್ಡಲ್ಲಿ ಪುಸ್ತಕ ಕೊಂಡ ಹುಡುಗ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕುಳಿತಿದ್ದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲ ಸ್ಕ್ಯಾನ್ ಮಾಡಿ ಹಾಕಿದ್ದಾಯಿತು. ಕೊನೆಯಲ್ಲಿ ಒಂದು ಖಾಲಿ ಚೌಕ. ನಿಮ್ಮ ಬಗ್ಗೆ 200 ಪದಗಳಲ್ಲಿ ಬರೆಯಿರಿ, ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ ಎಂದಿತ್ತು. ಇಂಗ್ಲಿಷ್‌ನಲ್ಲಿ ಶುರು ಮಾಡಿ ಮೂರನೇ ವಾಕ್ಯಕ್ಕೆ ನಿಂತೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಕನ್ನಡ ಕೈಬಿಡಲಾರದು ಎಂದುಕೊಂಡರೆ ಅಲ್ಲೂ ಅದೇ ಕಥೆ. ಪಿಯುಸಿಗೆ ಸೇರಿದ ಮೇಲೆ ಪಠ್ಯ ಬಿಟ್ಟು ಒಂದೇ ಒಂದು ಕಥೆ ಓದಿದ ನೆನಪಿಲ್ಲ ನನಗೆ. ಮಧ್ಯರಾತ್ರಿಗೆ ಗಡುವು ಮುಗಿಯಿತು, ಅರ್ಜಿ ಹೋಗಲಿಲ್ಲ. ಅಪ್ಪನಿಗೆ ಸರ್ವರ್ ಕೆಟ್ಟಿತ್ತು ಎಂದು ಸುಳ್ಳು ಹೇಳಿದೆ.

ನಾನು ಓದುತ್ತಿರುವುದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬೆಂಜಮಿನ್ ಫ್ರಾಂಕ್ಲಿನ್ ಹೆಸರು ನಮಗೆ ಹೊಸದಲ್ಲ. ಗುಡುಗು ಮಳೆಯಲ್ಲಿ ಗಾಳಿಪಟ ಹಾರಿಸಿದವನು, ಮಿಂಚುವಾಹಕ ಕಂಡುಹಿಡಿದವನು, ವಿದ್ಯುದಾವೇಶಕ್ಕೆ ಧನ, ಋಣ ಎಂಬ ಹೆಸರು ಕೊಟ್ಟವನು. ಗ್ರಂಥಾಲಯದಲ್ಲಿ ಆತನ ಆತ್ಮಕಥೆ ಕೈಗೆತ್ತಿಕೊಂಡದ್ದೂ ಗಾಳಿಪಟದ ಆಸೆಗೇ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮೊದಲ ಕೆಲವು ಪುಟಗಳು.

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಬಾಸ್ಟನ್ ಪಟ್ಟಣದಲ್ಲಿ. ಅಪ್ಪ ಪ್ರಾಣಿಗಳ ಕೊಬ್ಬು ಕರಗಿಸಿ ದೀಪದ ಬತ್ತಿ, ಸೋಪು ಮಾಡುವವನು. ಮನೆಯಲ್ಲಿ ಹದಿನೇಳು ಮಕ್ಕಳು. ಬೆಂಜಮಿನ್‌ನ ಶಾಲೆ ಎರಡೇ ವರ್ಷಕ್ಕೆ ಮುಗಿಯಿತು. ಹತ್ತನೇ ವಯಸ್ಸಿಗೆ ಅಪ್ಪನ ಅಂಗಡಿಯಲ್ಲಿ ಬತ್ತಿಯ ದಾರ ಕತ್ತರಿಸುವ, ಅಚ್ಚಿಗೆ ಕೊಬ್ಬು ಹೊಯ್ಯುವ ಕೆಲಸ. ಅದು ಅವನಿಗೆ ಹಿಡಿಸಲಿಲ್ಲ, ಹಡಗು ಹತ್ತಿ ಓಡಿಹೋಗುವ ಆಸೆ. ಸಿಕ್ಕ ಪುಡಿಗಾಸನ್ನೆಲ್ಲ ಪುಸ್ತಕಕ್ಕೆ ಸುರಿಯುವ ಮಗನನ್ನು ನೋಡಿ ಅಪ್ಪ ಅವನನ್ನು ಮುದ್ರಣದ ಕೆಲಸಕ್ಕೆ ಹಚ್ಚಿದ. ಹನ್ನೆರಡನೇ ವಯಸ್ಸಿಗೆ, ಮುದ್ರಣಾಲಯ ಇಟ್ಟಿದ್ದ ಅಣ್ಣ ಜೇಮ್ಸ್‌ನ ಬಳಿ ಇಪ್ಪತ್ತೊಂದು ತುಂಬುವವರೆಗೆ ದುಡಿಯುವ ಕರಾರಿಗೆ ಸಹಿ ಬಿತ್ತು.

ಅಲ್ಲಿ ಪುಸ್ತಕದಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರ ಪರಿಚಯವಾಯಿತು. ಅವರು ಸಂಜೆ ಸಣ್ಣ ಪುಸ್ತಕವೊಂದನ್ನು ಕಡ ಕೊಡುತ್ತಿದ್ದರು. ಬೆಳಗಾಗುತ್ತಲೇ ಕೊಳೆಯಾಗದಂತೆ ವಾಪಸ್ ಮಾಡಬೇಕು. ಹೀಗಾಗಿ ರಾತ್ರಿಯ ಬಹುಪಾಲು ಎದ್ದು ಕೂತು ಓದುವುದು. ನಮ್ಮಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಜೆರಾಕ್ಸ್ ಕೈಯಿಂದ ಕೈಗೆ ಹೋಗುತ್ತದಲ್ಲ, ಹಾಗೆ. ಇಲ್ಲಿ ಮಾತ್ರ ಪರೀಕ್ಷೆ ಇರಲಿಲ್ಲ.

ಹುಡುಗ ಎರಡು ಲಾವಣಿ ಬರೆದ, ಅಣ್ಣ ಅಚ್ಚು ಹಾಕಿಸಿ ಬೀದಿಯಲ್ಲಿ ಮಾರಲು ಕಳಿಸಿದ. ಒಂದು ಚೆನ್ನಾಗಿಯೇ ಹೋಯಿತು. ಆದರೆ ಅಪ್ಪ ಗೇಲಿ ಮಾಡಿ ಕವಿಯಾಗುವ ಆಸೆ ಬಿಡಿಸಿದ. ಅದೇ ಅಪ್ಪ, ಮಗ ಗೆಳೆಯನೊಬ್ಬನ ಜೊತೆ ಪತ್ರಗಳಲ್ಲಿ ನಡೆಸುತ್ತಿದ್ದ ವಾದವನ್ನು ಓದಿ, ಕಾಗುಣಿತ ಸರಿಯಿದೆ, ಆದರೆ ಮಾತಿಗೆ ಓಘವಿಲ್ಲ, ಕ್ರಮವಿಲ್ಲ ಎಂದು ಒಂದೊಂದೇ ತಪ್ಪು ತೋರಿಸಿಕೊಟ್ಟ. ವಾದದಲ್ಲಿ ಯಾರು ಸರಿ ಎಂಬ ಗೊಡವೆಗೇ ಹೋಗಲಿಲ್ಲ. ಮಗನಿಗೆ ಅದು ನಾಟಿತು.

ಆಗಲೇ ಅವನಿಗೆ ಸ್ಪೆಕ್ಟೇಟರ್ ಪತ್ರಿಕೆಯ ಒಂಟಿ ಸಂಪುಟವೊಂದು ಸಿಕ್ಕಿತು. ಲಂಡನ್ನಿನಲ್ಲಿ 1711ರಲ್ಲಿ ಆ್ಯಡಿಸನ್ ಮತ್ತು ಸ್ಟೀಲ್ ಎಂಬ ಗೆಳೆಯರು ಶುರು ಮಾಡಿದ ಪತ್ರಿಕೆ ಅದು. ಭಾನುವಾರ ಬಿಟ್ಟು ದಿನವೂ ಒಂದು ಹಾಳೆ, ಹೆಚ್ಚಾಗಿ ಒಂದೇ ಪ್ರಬಂಧ. ಜನ ಕಾಫಿ ಅಂಗಡಿಗಳಲ್ಲಿ ಕೂತು ಓದುತ್ತಿದ್ದರು. ಬಾಸ್ಟನ್ನಿನ ಹುಡುಗನ ಕೈಗೆ ಬಂದದ್ದು ಮೂರನೆಯ ಸಂಪುಟ. ಅದನ್ನು ಕೊಂಡು ಮತ್ತೆ ಮತ್ತೆ ಓದಿದ. ಓದಿ ಸುಮ್ಮನಾಗಲಿಲ್ಲ ಎಂಬುದೇ ವಿಶೇಷ.

ಅವನು ಮಾಡಿದ್ದಿಷ್ಟು. ಒಂದು ಪ್ರಬಂಧ ಓದಿ, ಪ್ರತಿ ವಾಕ್ಯದ ಆಶಯಕ್ಕೆ ಚಿಕ್ಕದೊಂದು ಸುಳಿವು ಬರೆದಿಟ್ಟುಕೊಳ್ಳುವುದು. ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ, ಆ ಸುಳಿವುಗಳಿಂದಲೇ ಇಡೀ ಪ್ರಬಂಧವನ್ನು ತನ್ನ ಮಾತಿನಲ್ಲಿ ಕಟ್ಟುವುದು. ಆಮೇಲೆ ಮೂಲದ ಪಕ್ಕದಲ್ಲಿಟ್ಟು ತಪ್ಪು ತಿದ್ದಿಕೊಳ್ಳುವುದು. ಹಾಗೆ ಮಾಡುವಾಗ ತನ್ನಲ್ಲಿ ಪದಗಳ ದಾಸ್ತಾನು ಕಡಿಮೆ ಎಂದು ಗೊತ್ತಾಯಿತು. ಪದ್ಯ ಬರೆಯುವುದನ್ನು ಬಿಡದಿದ್ದರೆ ಈ ಕೊರತೆ ಬರುತ್ತಿರಲಿಲ್ಲ ಎನಿಸಿತು. ಪದ್ಯದ ಸಾಲಿಗೆ ಕೂರಬೇಕಾದರೆ ಒಂದೇ ಅರ್ಥದ ಬೇರೆ ಬೇರೆ ಅಳತೆಯ, ಬೇರೆ ನಾದದ ಪದ ಹುಡುಕಲೇಬೇಕಲ್ಲ. ಸರಿ, ಅದರಲ್ಲಿದ್ದ ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮೂಲ ಮರೆತ ಮೇಲೆ ಆ ಪದ್ಯವನ್ನು ಮತ್ತೆ ಗದ್ಯ ಮಾಡಿದ. ಕೆಲವೊಮ್ಮೆ ಸುಳಿವಿನ ಚೀಟಿಗಳನ್ನೆಲ್ಲ ಕಲಸಿಬಿಟ್ಟು, ವಾರಗಳ ನಂತರ ಸರಿಯಾದ ಕ್ರಮಕ್ಕೆ ಜೋಡಿಸುತ್ತಿದ್ದ. ವಿಚಾರವನ್ನು ಹೇಗೆ ಜೋಡಿಸಬೇಕೆಂದು ಕಲಿಯಲು ಆ ಕಸರತ್ತು.

ಇದಕ್ಕೆಲ್ಲ ಸಮಯ? ದಿನದ ದುಡಿಮೆ ಮುಗಿದ ಮೇಲಿನ ರಾತ್ರಿ, ಶುರುವಾಗುವ ಮುಂಚಿನ ಬೆಳಗು, ಮತ್ತೆ ಭಾನುವಾರ ಚರ್ಚ್ ತಪ್ಪಿಸಿ ಮುದ್ರಣಾಲಯದಲ್ಲಿ ಒಬ್ಬನೇ ಕೂತು. ದುಡ್ಡು? ಹದಿನಾರರ ಸುಮಾರಿಗೆ ಸಸ್ಯಾಹಾರದ ಬಗ್ಗೆ ಒಂದು ಪುಸ್ತಕ ಓದಿ ಮಾಂಸ ಬಿಟ್ಟಿದ್ದ. ತನ್ನ ಊಟಕ್ಕೆ ಅಣ್ಣ ಕಟ್ಟುತ್ತಿದ್ದ ಹಣದಲ್ಲಿ ಅರ್ಧ ತನ್ನ ಕೈಗೇ ಕೊಟ್ಟರೆ ಸಾಕು, ತಾನೇ ಊಟ ನೋಡಿಕೊಳ್ಳುತ್ತೇನೆ ಎಂದ. ಅಣ್ಣ ಹಿಂದೆಮುಂದೆ ನೋಡದೆ ಒಪ್ಪಿದ. ಆ ಅರ್ಧದಲ್ಲೂ ಅರ್ಧ ಉಳಿಯಿತು, ಅದು ಪುಸ್ತಕಕ್ಕೆ. ಉಳಿದವರು ಊಟಕ್ಕೆ ಹೋದಾಗ ಇವನು ಒಂದು ತುಂಡು ಬ್ರೆಡ್ಡು, ಒಂದು ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರಿನಲ್ಲಿ ಮುಗಿಸಿ ಓದಲು ಕೂರುತ್ತಿದ್ದ. ಶಾಲೆಯಲ್ಲಿ ಎರಡು ಸಲ ಸೋತಿದ್ದ ಗಣಿತವನ್ನೂ ಹೀಗೆ ಕೂತೇ ಸಲೀಸಾಗಿ ಕಲಿತ. (ಮೆಸ್ ಬಿಲ್ ಉಳಿಸುವ ಈ ಉಪಾಯವನ್ನು ನಾನು ಅನುಕರಿಸಿಲ್ಲ. ಹಸಿವಿಗೆ ನಾನು ಬೇಗ ಸೋಲುತ್ತೇನೆ.)

1722ರಲ್ಲಿ ಅಣ್ಣನ ಪತ್ರಿಕೆಗೆ ಬರೆಯುವ ಆಸೆಯಾಯಿತು. ತಮ್ಮನೆಂದು ಗೊತ್ತಾದರೆ ಹಾಕುವುದಿಲ್ಲ. ಸೈಲೆನ್ಸ್ ಡೂಗುಡ್ ಎಂಬ ವಿಧವೆಯ ಹೆಸರಿನಲ್ಲಿ ಬರೆದು, ಕೈಬರಹ ಬದಲಿಸಿ, ರಾತ್ರಿ ಮುದ್ರಣಾಲಯದ ಬಾಗಿಲ ಸಂದಿಯಲ್ಲಿ ತೂರಿಸಿದ. ಬೆಳಿಗ್ಗೆ ಅಣ್ಣನೂ ಅವನ ಗೆಳೆಯರೂ ಅದನ್ನು ಇವನೆದುರೇ ಓದಿ ಮೆಚ್ಚಿ, ಬರೆದವರು ಊರಿನ ಯಾವ ಪಂಡಿತರಿರಬಹುದೆಂದು ಊಹಿಸತೊಡಗಿದರು. ಅಂಥ ಹದಿನಾಲ್ಕು ಪತ್ರಗಳು ಅಚ್ಚಾದವು. ನಿಜ ಗೊತ್ತಾದಾಗ ಅಣ್ಣನಿಗೆ ಹಿಡಿಸಲಿಲ್ಲ. ಮೊದಲೇ ಹೊಡೆಯುವ ಕೈ ಅವನದು. ಮರುವರ್ಷ ಹುಡುಗ ಕೆಲವು ಪುಸ್ತಕ ಮಾರಿ ಹಡಗಿನ ಖರ್ಚು ಹೊಂದಿಸಿಕೊಂಡು ಓಡಿಹೋದ, ಕೊನೆಗೆ ಫಿಲಡೆಲ್ಫಿಯ ಸೇರಿದ. ಪುಸ್ತಕಕ್ಕಾಗಿ ಊಟ ಬಿಟ್ಟವನು ಪುಸ್ತಕ ಮಾರಬೇಕಾಗಿ ಬಂದ ಈ ಜಾಗದಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: ಸ್ವಂತ ಮುದ್ರಣಾಲಯ, ವಿಜ್ಞಾನ, ಅಮೆರಿಕದ ಸ್ವಾತಂತ್ರ್ಯ. ನಾನು ಗುರುತು ಹಾಕಿಕೊಂಡದ್ದು 1731ನ್ನು. ಆ ವರ್ಷ ಫ್ರಾಂಕ್ಲಿನ್ ಮತ್ತು ಗೆಳೆಯರು ಸೇರಿ ಚಂದಾ ಗ್ರಂಥಾಲಯ ಕಟ್ಟಿದರು. ಐವತ್ತು ಜನ, ಮೊದಲಿಗೆ ತಲಾ 40 ಶಿಲಿಂಗ್, ಆಮೇಲೆ ವರ್ಷಕ್ಕೆ 10. ಅದು ಈಗಲೂ ಇದೆ. ಅದರ ಪುಸ್ತಕಗಳ ಜೊತೆ ದಿನಕ್ಕೆ ಒಂದೆರಡು ಗಂಟೆ ಕಳೆಯುವುದನ್ನು ಆತ ರೂಢಿ ಮಾಡಿಕೊಂಡ. ಆತನ ದಿನಚರಿಯ ಪಟ್ಟಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗಿನ ಸಾಲಿನಲ್ಲಿ ಓದೂ ಇದೆ, ಲೆಕ್ಕಪತ್ರವೂ ಇದೆ, ಊಟವೂ ಇದೆ. ಆತನದೆಲ್ಲವೂ ಮೆಚ್ಚುವಂಥದ್ದಲ್ಲ. ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ, ಗುಲಾಮಗಿರಿ ನಿಲ್ಲಬೇಕೆಂಬ ಸಂಘದ ಅಧ್ಯಕ್ಷನಾದದ್ದು ಮುಪ್ಪಿನಲ್ಲಿ. 1790ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡ.

ಪುಸ್ತಕ ವಾಪಸ್ ಮಾಡಿದ ದಿನವೇ ನಾನೂ ಚೀಟಿ ಬರೆಯಲು ಶುರು ಮಾಡಿದೆ. ಹಾಸ್ಟೆಲ್ ಊಟ ಮುಗಿದ ಮೇಲೆ ನಲವತ್ತು ನಿಮಿಷ. ಒಂದು ದಿನ ಪತ್ರಿಕೆಯ ಪ್ರಬಂಧ, ಒಂದು ದಿನ ಗ್ರಂಥಾಲಯದಿಂದ ತಂದ ಸಂಕಲನದ ಕವಿತೆ, ಭಾನುವಾರ ಪುರವಣಿಯ ಕಥೆ. ಚೀಟಿಗಳು ಹಳೆಯ ಕಂಪಾಸ್ ಬಾಕ್ಸ್‌ನಲ್ಲಿ. ಮೊದಲ ಸಲ ನಾಲ್ಕು ದಿನ ಬಿಟ್ಟು ತೆಗೆದಾಗ ಒಂದಿಡೀ ಪ್ರಬಂಧ ನನ್ನ ಕೈಯಲ್ಲಿ ಎಂಟು ಸಾಲಾಗಿತ್ತು, ಅದರಲ್ಲಿ ಮೂರು ಸಾಲು ಒಂದೇ ಮಾತು. ಕಥೆಯೊಂದನ್ನು ಪದ್ಯ ಮಾಡಲು ಹೋದಾಗ ರೂಮ್‌ಮೇಟ್ ಬಿದ್ದು ಬಿದ್ದು ನಕ್ಕ. ಆದರೆ ಸಂಜೆ ಎಂಬ ಪದ ಸಾಲಿಗೆ ಕೂರದೆ ತಡಕಾಡುವಾಗ ಅಜ್ಜಿ ಹೇಳುತ್ತಿದ್ದ ಮುಚ್ಚಂಜೆ ನೆನಪಿಗೆ ಬಂತು. ವರ್ಷಗಳಿಂದ ಆ ಪದ ನಾನು ಕೇಳಿರಲಿಲ್ಲ, ಬಳಸಿರಲಂತೂ ಇಲ್ಲ. ಇಂಟರ್ನಲ್ಸ್ ಬಂದಾಗ ಒಂಬತ್ತು ದಿನ ತಪ್ಪಿತು. ಹತ್ತನೆಯ ದಿನ ಮತ್ತೆ ಕೂತೆ.

ಆ ವಿದ್ಯಾರ್ಥಿವೇತನದ ಅರ್ಜಿ ಮುಂದಿನ ತಿಂಗಳು ಮತ್ತೆ ತೆರೆಯುತ್ತದೆ. ಈ ಬಾರಿಯ 200 ಪದ ಬರೆದಿಟ್ಟಿದ್ದೇನೆ, ಕನ್ನಡದಲ್ಲಿ. ಸರ್ವರ್ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ನಮ್ಮ ಮನೆಗೆ ಬರುವುದು ಇದೇ ಪತ್ರಿಕೆ, ಅಪ್ಪ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ.