ಕಾಯುವವರಿಗೆ ಭರವಸೆ ಕೊಟ್ಟ ಹಾಜಿ ಅಬ್ದುಲ್ಲಾ ಸಾಹೇಬರು

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ. ಈ ಐದೂ ಬ್ಯಾಂಕುಗಳು ಹುಟ್ಟಿದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಇವುಗಳಲ್ಲಿ ಹಿರಿಯದು ಕಾರ್ಪೊರೇಷನ್ ಬ್ಯಾಂಕ್. ಅದನ್ನು ಕಟ್ಟಿದವರು ಉಡುಪಿಯ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು.

ಅವರು ಹುಟ್ಟಿದ್ದು 1882ರಲ್ಲಿ, ಉಳ್ಳವರ ಮನೆಯಲ್ಲಿ. ಆಗಿನ ಉಡುಪಿಯಲ್ಲಿ ಬ್ಯಾಂಕ್ ಇರಲಿಲ್ಲ. ಸಾಲ ಬೇಕಾದವರು ಕೆಲವೇ ಸಿರಿವಂತರ ಬಾಗಿಲಿಗೆ ಹೋಗಬೇಕಿತ್ತು. ನಾಲ್ಕು ಕಾಸು ಉಳಿಸಿದವರಿಗೆ ಅದನ್ನು ಇಡಲು ಮನೆಯ ಪೆಟ್ಟಿಗೆಯೇ ಗತಿ. ಕೈಗೆ ಸಿಗುವ ಹಣ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಎಲ್ಲ ಮನೆಯವರಿಗೂ ಗೊತ್ತು.

1906ರ ಮಾರ್ಚ್ 12ರಂದು ಸಾಹೇಬರು ಊರಿನ ಕೆಲವರನ್ನು ಜೊತೆಗೂಡಿಸಿಕೊಂಡು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಆಗ ಅವರ ವಯಸ್ಸು ಸುಮಾರು 24, ಬಂಡವಾಳ 5,000 ರೂಪಾಯಿ, ಜಾಗ ಅವರದೇ ಮನೆ. ಮೊದಲ ದಿನ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಲೆಕ್ಕಶಾಸ್ತ್ರ ಓದುವ ನನಗೆ ಇಷ್ಟವಾದದ್ದು ಆ 2 ಪೈ. ಅಷ್ಟು ಚಿಕ್ಕ ಮೊತ್ತವನ್ನೂ ಬಿಡದೆ ಲೆಕ್ಕಕ್ಕೆ ಬರೆದಿದ್ದಾರೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನ ದೊಡ್ಡ ಬ್ರಿಟಿಷ್ ಸಂಸ್ಥೆ ಆರ್ಬತ್ನಾಟ್ ಕಂಪೆನಿ ಮುಳುಗಿತು. ಹಣ ಇಟ್ಟಿದ್ದ ಸಾವಿರಾರು ಜನ ಕಂಗಾಲಾದರು. ನಮ್ಮ ಜಿಲ್ಲೆಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಅಂಥ ಕಾಲದಲ್ಲಿ ಹೊಸ ಬ್ಯಾಂಕೊಂದು ಜನರ ನಂಬಿಕೆ ಗಳಿಸುವುದು ಸುಲಭದ ಮಾತಲ್ಲ.

ನಂಬಿಕೆಗೂ ಕಾಯುವಿಕೆಗೂ ಇರುವ ನಂಟು ನನಗೆ ಅರ್ಥವಾದದ್ದು ವಿಜ್ಞಾನ ವಿಭಾಗದ ಗೆಳೆಯರಿಂದ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಇದೆ. ಅದು ಕಡಿಮೆಯಾದಾಗ ಪ್ರಾಣಿಗಳು ಆತುರಪಡುವುದನ್ನು, ನಾಳೆಯ ದೊಡ್ಡ ಲಾಭಕ್ಕಿಂತ ಇಂದಿನ ಚಿಕ್ಕದನ್ನೇ ಆರಿಸುವುದನ್ನು ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ. ಜಪಾನಿನ ಒಕಿನಾವಾದ ವಿಜ್ಞಾನಿಗಳು ಇಲಿಗಳ ಮಿದುಳಿನಲ್ಲಿ ಸೆರೊಟೋನಿನ್ ಬಿಡುವ ಕೋಶಗಳನ್ನು ಬೆಳಕಿನಿಂದ ಪ್ರಚೋದಿಸಿದಾಗ ಅವು ಆಹಾರಕ್ಕಾಗಿ ಹೆಚ್ಚು ಹೊತ್ತು ಕಾದವು. ಆದರೆ 2018ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇನ್ನೊಂದು ವಿಷಯ ಹೊರಬಂತು. ಆಹಾರ ಸಿಗುವ ಸಾಧ್ಯತೆ ನೂರಕ್ಕೆ 75 ಇದ್ದಾಗ ಈ ಪ್ರಚೋದನೆ ತಾಳ್ಮೆಯನ್ನು ಹೆಚ್ಚಿಸಿತು. 50 ಅಥವಾ 25 ಇದ್ದಾಗ ಹೆಚ್ಚಿಸಲಿಲ್ಲ. ಸಿಗುತ್ತದೆ ಎಂಬ ಭರವಸೆ ಇಲ್ಲದ ಕಡೆ ಸೆರೊಟೋನಿನ್ ಕೂಡ ಕಾಯಿಸಲಾರದು.

ಮನುಷ್ಯರು ಇಲಿಗಳಲ್ಲ, ನಿಜ. ಆದರೂ ಇದನ್ನು ಕೇಳಿದಾಗ ನನ್ನ ಖಾಲಾ ನೆನಪಾದರು. ಅವರು ಬೀಡಿ ಕಟ್ಟಿದ ಮಜೂರಿಯಲ್ಲಿ ಪ್ರತಿ ವಾರ ಒಂದು ಸ್ಕೀಮಿಗೆ ಹಣ ಕಟ್ಟುತ್ತಿದ್ದರು. ಒಂದು ದಿನ ಅದರ ಅಂಗಡಿ ಮುಚ್ಚಿತು, ಕಟ್ಟಿದ ಹಣ ಹಿಂದೆ ಬರಲಿಲ್ಲ. ಈಗ ಖಾಲಾ ಕೈಗೆ ಬಂದದ್ದನ್ನು ಅಂದೇ ಖರ್ಚು ಮಾಡುತ್ತಾರೆ. ಅವರಿಗೆ ಸಬರ್ ಇಲ್ಲ ಎಂದು ಮನೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ವರ್ಷ ಒಂದು ವಾರವೂ ತಪ್ಪದೆ ಹಣ ಕಟ್ಟಿದವರಿಗೆ ಸಬರ್ ಇಲ್ಲದೆ ಇರುತ್ತದೆಯೇ? ಅವರಲ್ಲಿ ಮುರಿದದ್ದು ನಂಬಿಕೆ.

ಸಾಹೇಬರು ತಮ್ಮ ಊರಿಗೆ ಕೊಟ್ಟದ್ದು ಈ ನಂಬಿಕೆಯನ್ನೇ. ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಬ್ಯಾಂಕಿನ ಅಧ್ಯಕ್ಷರಾಗಿದ್ದರು. 1923ರಲ್ಲಿ ಕುಂದಾಪುರದಲ್ಲಿ ಮೊದಲ ಶಾಖೆ, 1926ರಲ್ಲಿ ಮಂಗಳೂರಿನಲ್ಲಿ ಎರಡನೆಯದು ತೆರೆಯಿತು. ಮೊದಲ ಶಾಖೆಗೆ 17 ವರ್ಷ ಕಾದರು ಎಂದರೆ ಬ್ಯಾಂಕು ಕೂಡ ಆತುರಪಡಲಿಲ್ಲ ಎಂದಾಯಿತು. ಉಡುಪಿಯಲ್ಲಿ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಗೆ ಜಾಗ ದಾನ ಮಾಡಿದವರೂ ಅವರೇ. ಅಲ್ಲಿ ಹುಟ್ಟಿದ ಮಕ್ಕಳಿಗೆ ಲೆಕ್ಕವಿಲ್ಲ.

ಸಾಹೇಬರು 1935ರಲ್ಲಿ ತೀರಿಕೊಂಡರು. ಅವರ ಬ್ಯಾಂಕು 1980ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹಳೆಯ ಹೆಸರು ಅಳಿಯಿತು. ಬ್ಯಾಂಕು ಶುರುವಾದ ಮನೆ ನಾಣ್ಯಗಳ ವಸ್ತುಸಂಗ್ರಹಾಲಯವಾಗಿದೆ.

ಗೆಳೆಯರೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬರುವ ನಮ್ಮಲ್ಲಿ ಹಲವರು ನಾಳೆ ಅಂಗಡಿಯ ಗಲ್ಲದಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ಕೂರುವವರು. ಕಾಯಿರಿ ಎಂದು ಜನರಿಗೆ ಹೇಳುವವರು ನಾವೇ ಆಗುತ್ತೇವೆ. ಹಾಗೆ ಹೇಳಿದ ಮೇಲೆ ಹೇಳಿದ ದಿನಕ್ಕೆ, 2 ಪೈ ಕೂಡ ಕಡಿಮೆಯಾಗದಂತೆ, ಕೊಡಬೇಕಾದದ್ದನ್ನು ಕೊಡೋಣ.